ಲುಂಡ್‌ಗೆ, ಮಗಳ ಎದುರಾಳಿಯನ್ನು ನೋಡಲು

ಗೋಥೆನ್‌ಬರ್ಗಿನಿಂದ ಲುಂಡ್ ಪಟ್ಟಣಕ್ಕೆ ರೈಲಿನಲ್ಲಿ ಸುಮಾರು ಎರಡೂವರೆ ಗಂಟೆಯ ದಾರಿ. ನಾನೂ ನನ್ನ ಹೆಂಡತಿ ವಿಮಲೆಯೂ ಅದಕ್ಕೆ ಎರಡು ದಿನ ತೆಗೆದುಕೊಂಡೆವು. ತಪ್ಪು ಸ್ವೀಡನ್ನಿನ ರೈಲಿನದಲ್ಲ, ನನ್ನದು. ನಡುವೆ ವಾರ್ಬರ್ಗ್ ಎಂಬ ಊರಿದೆ, ಅಲ್ಲಿ ಸಮುದ್ರದ ದಡದಲ್ಲಿ ಕೋಟೆಯಿದೆ, ಕೋಟೆಯಲ್ಲಿ ಹಿಂದೆ ಸೆರೆಮನೆಯಿತ್ತು, ಈಗ ಆ ಸೆರೆಕೋಣೆಗಳನ್ನು ಪ್ರವಾಸಿಗರಿಗೆ ಬಾಡಿಗೆಗೆ ಕೊಡುತ್ತಾರೆ ಎಂದು ಗೋಥೆನ್‌ಬರ್ಗಿನಲ್ಲಿರುವ ಮಗ ಗಿರೀಶ ಊಟದ ಮಧ್ಯೆ ಬಾಯಿತಪ್ಪಿ ಹೇಳಿಬಿಟ್ಟಿದ್ದ. ಮೂವತ್ತೊಂದು ವರ್ಷ ಕರ್ನಾಟಕದ ಕಾರಾಗೃಹ ಇಲಾಖೆಯಲ್ಲಿ ದುಡಿದು ಸೂಪರಿಂಟೆಂಡೆಂಟ್ ಆಗಿ ನಿವೃತ್ತನಾದವನ ಎದುರು ಅಂಥ ಮಾತು ಆಡಬಾರದು.

"ಮೂವತ್ತೊಂದು ವರ್ಷ ಸಾಲ್ದಾಯ್ತಾ ನಿಮಗೆ?" ಎಂದಳು ವಿಮಲೆ.

"ಅದು ಡ್ಯೂಟಿ. ಇದು ಪ್ರವಾಸ."

"ದುಡ್ಡು ಕೊಟ್ಟು ಜೈಲಿಗೆ ಹೋಗೋರನ್ನ ಇದೇ ಫಸ್ಟು ನೋಡ್ತಿರೋದು ನಾನು."

ನಮ್ಮ ಪ್ರಯಾಣದ ಉದ್ದೇಶ ಮಾತ್ರ ಗಂಭೀರವಾದದ್ದು. ಮಗಳು ಅನುಪಮಾ ಲುಂಡ್‌ನ ವಿಶ್ವವಿದ್ಯಾಲಯದಲ್ಲಿ ಐದು ವರ್ಷ ಕೂತು ಒಂದು ಪ್ರಬಂಧ ಬರೆದಿದ್ದಳು. ವಿಷಯ, ಅಮೆರಿಕದ ಶಿಕ್ಷೆ ಮತ್ತು ಸೆರೆಮನೆ: ಅದು ನ್ಯಾಯವಾಗಿದೆಯೇ, ಅದರಿಂದ ಪ್ರಯೋಜನವಿದೆಯೇ ಎಂಬುದು. ಶುಕ್ರವಾರ ಅವಳು ಅದನ್ನು ಸಭೆಯಲ್ಲಿ ಸಮರ್ಥಿಸಿಕೊಳ್ಳಬೇಕಿತ್ತು. ಗೆದ್ದರೆ ಡಾಕ್ಟರೇಟು, ಸೋತರೆ ಐದು ವರ್ಷ ನೀರಿಗೆ. ಅವಳನ್ನು ಪ್ರಶ್ನಿಸಲು ಅಮೆರಿಕದಿಂದಲೇ ಒಬ್ಬ ಪ್ರಾಧ್ಯಾಪಕರನ್ನು ಕರೆಸಿದ್ದರು. ಅಂಥವರನ್ನು ಈ ದೇಶದಲ್ಲಿ ಅಧಿಕೃತವಾಗಿಯೇ 'ಎದುರಾಳಿ' ಎನ್ನುತ್ತಾರೆ. ಆ ಹೆಸರು ಕೇಳಿದಂದಿನಿಂದ ವಿಮಲೆಗೆ ಸರಿಯಾಗಿ ನಿದ್ದೆಯಿಲ್ಲ.

ಗುರುವಾರ ಬೆಳಿಗ್ಗೆ ಗಿರೀಶನ ಆಫೀಸಿರುವ ಲಿಂಡ್‌ಹೋಲ್ಮೆನ್‌ನಿಂದ ದೋಣಿ ಹತ್ತಿ ನದಿ ದಾಟಿದೆವು. ಈ ದೋಣಿಗೆ ಟಿಕೆಟ್ಟಿಲ್ಲ. ಹಾಗಾಗಿ ಇಳಿಯುವಾಗ ಏನೋ ತಪ್ಪು ಮಾಡಿದ ಹಾಗೆ ಅನಿಸುತ್ತದೆ. ಮೇ ತಿಂಗಳ ಬಿಸಿಲು ನೋಡಲು ಮಾತ್ರ ಚೆನ್ನ, ಮೈಗೆ ತಾಕುತ್ತಿರಲಿಲ್ಲ. ನಾನು ನನ್ನ ಕಪ್ಪು ಕೋಟು ಹಾಕಿದ್ದೆ. ಅದರ ಎಡತೋಳು ಬಲತೋಳಿಗಿಂತ ಅರ್ಧ ಇಂಚು ಗಿಡ್ಡ. ಗಿರೀಶ ಹೊಸದು ಕೊಡಿಸುತ್ತೇನೆಂದಿದ್ದ, ನಾನು ಒಪ್ಪಿರಲಿಲ್ಲ. ವಿಮಲೆಯ ಮಡಿಲಲ್ಲಿ ಸ್ಟೀಲ್ ಡಬ್ಬವಿತ್ತು, ಡಬ್ಬದಲ್ಲಿ ಅವಳೇ ಮಾಡಿದ ಕೊಬ್ಬರಿ ಮಿಠಾಯಿ. ಫಲಿತಾಂಶ ಬರುವ ತನಕ ಅದರ ಮುಚ್ಚಳ ತೆಗೆಯಕೂಡದೆಂದು ಅನುಪಮಾ ಫೋನಿನಲ್ಲಿ ಕಟ್ಟಪ್ಪಣೆ ಮಾಡಿದ್ದಳು. ನನಗೆ ಸಕ್ಕರೆ ಕಾಯಿಲೆ ಇರುವುದರಿಂದ ಫಲಿತಾಂಶದ ನಂತರವೂ ತೆಗೆಯಕೂಡದೆಂದು ವಿಮಲೆ ಅದಕ್ಕೊಂದು ತಿದ್ದುಪಡಿ ಸೇರಿಸಿದ್ದಳು.

ರೈಲಿನಲ್ಲಿ ಮಗಳ ಪ್ರಬಂಧವನ್ನು ಇನ್ನೊಮ್ಮೆ ತಿರುವಿಹಾಕಿದೆ. ಅದರಲ್ಲಿ ಅಮೆರಿಕದ ನ್ಯಾಯಾಧೀಶರು ಬಳಸುವ ಒಂದು ಕೋಷ್ಟಕದ ಚಿತ್ರವಿದೆ. ಎಡಕ್ಕೆ ಅಪರಾಧ ಎಷ್ಟು ದೊಡ್ಡದು ಎಂಬ ಸಾಲುಗಳು, ಕೆಳಗಿಳಿದಷ್ಟೂ ದೊಡ್ಡದು; ಮೇಲೆ ಹಳೆಯ ಅಪರಾಧಗಳೆಷ್ಟು ಎಂಬ ಅಂಕಣಗಳು. ಎರಡೂ ಕೂಡುವ ಮನೆಯಲ್ಲಿ ಇಷ್ಟು ತಿಂಗಳು ಎಂದು ಬರೆದಿರುತ್ತದೆ. ಮೊದಲ ಸಲ ನೋಡಿದಾಗ ನನಗೆ ಬಹಳ ಗೌರವ ಹುಟ್ಟಿತ್ತು. ನಮ್ಮಲ್ಲಿ ಒಂದೇ ಕಳ್ಳತನಕ್ಕೆ ಒಬ್ಬ ಜಡ್ಜ್ ಸಾಹೇಬರು ಆರು ತಿಂಗಳು ಕೊಟ್ಟರೆ ಇನ್ನೊಬ್ಬರು ಎರಡು ವರ್ಷ ಕೊಡುತ್ತಿದ್ದರು, ಮಧ್ಯಾಹ್ನದ ಊಟದ ಮೇಲೆ ಹೋಗುತ್ತದೆ ಎಂದು ವಾರ್ಡರ್‌ಗಳು ಹೇಳುತ್ತಿದ್ದರು. ಇದೋ, ಬಸ್ ಚಾರ್ಜಿನ ಪಟ್ಟಿಯಷ್ಟು ಸ್ವಚ್ಛ. ನಾನು ಹಾಗೆಂದಾಗ ಅನುಪಮಾ ಫೋನಿನಲ್ಲೇ ನಕ್ಕಿದ್ದಳು.

"ಅಪ್ಪಾ, ಪಟ್ಟಿ ಕ್ಲೀನಾಗೇ ಇದೆ. ಯಾವ ಸಾಲಿನ ಮೇಲೆ ಬೆರಳಿಡಬೇಕು ಅಂತ ಡಿಸೈಡ್ ಮಾಡೋರು ಯಾರು ಹೇಳಿ? ಪ್ರಾಸಿಕ್ಯೂಟರು. 'ವಿಚಾರಣೆ ಬೇಕು ಅಂದ್ರೆ ಕೆಳಗಿನ ಸಾಲು, ಈಗಲೇ ತಪ್ಪೊಪ್ಕೊಂಡ್ರೆ ಮೇಲಿನ ಸಾಲು' ಅಂತಾರೆ. ಹೆಚ್ಚಿನವರು ಹೆದರಿ ಒಪ್ಕೊಂಡುಬಿಡ್ತಾರೆ. ಬಡವರಾದ್ರಂತೂ ಕೇಳೋದೇ ಬೇಡ."

ನನ್ನ ಗೌರವ ಅಂದಿನಿಂದ ಸ್ವಲ್ಪ ಇಳಿದಿತ್ತು.

ವಾರ್ಬರ್ಗ್‌ಗೆ ಮುಕ್ಕಾಲು ಗಂಟೆಯೂ ಆಗಲಿಲ್ಲ. ನಿಲ್ದಾಣದಿಂದ ನಡೆದೇ ಹೋದೆವು. ಗಾಳಿ ಮಾತ್ರ ನಮ್ಮನ್ನು ಮರಳಿ ಗೋಥೆನ್‌ಬರ್ಗಿಗೆ ಕಳಿಸುವಷ್ಟಿತ್ತು. ಕೋಣೆಗೆ ಹೋದೊಡನೆ ಅಭ್ಯಾಸಬಲದಿಂದ ಉದ್ದ ಅಗಲ ಅಳೆದೆ: ಉದ್ದಕ್ಕೆ ಐದು ಹೆಜ್ಜೆ, ಅಗಲಕ್ಕೆ ಮೂರು. ಕಿಟಕಿ ಎತ್ತರದಲ್ಲಿ, ಗೋಡೆ ದಪ್ಪ, ಒಂದರ ಮೇಲೊಂದು ಎರಡು ಮಂಚ. ಎಲ್ಲವೂ ನಿಯಮಾವಳಿಯಂತೆ. ಬಾಗಿಲಿನ ಹತ್ತಿರ ಬಂದಾಗ ಮಾತ್ರ ನಿಂತುಬಿಟ್ಟೆ. ಚಿಲಕ ಒಳಗಿತ್ತು. ಮೂವತ್ತೊಂದು ವರ್ಷ ನಾನು ಅಂಥ ಬಾಗಿಲುಗಳ ಹೊರಗೇ ನಿಂತವನು. ಒಳಗಿನಿಂದ ಹಾಕಿದೆ, ತೆಗೆದೆ, ಮತ್ತೆ ಹಾಕಿದೆ.

"ಆಟ ಆಡಿದ್ದು ಸಾಕು," ಎಂದಳು ವಿಮಲೆ, ಕೆಳಗಿನ ಮಂಚವನ್ನು ವಶಪಡಿಸಿಕೊಳ್ಳುತ್ತ. "ಒಂದು ಒಳ್ಳೇದು. ಗೋಡೆ ದಪ್ಪ ಇದೆ, ನಿಮ್ಮ ಗೊರಕೆ ಪಕ್ಕದೋರಿಗೆ ಕೇಳಲ್ಲ."

ಆಮೇಲೆ ಅವಳು ಸ್ನಾನಕ್ಕೆ ಹೋದಳು. ಆಗ ಆ ಸೆರೆಕೋಣೆಯಲ್ಲಿ ಏನು ನಡೆಯಿತೆಂಬುದು ಮುಂದೆ ಸರಿಯಾದ ವಿಚಾರಣೆಯಲ್ಲಿ ಬರುತ್ತದೆ.

ಶುಕ್ರವಾರ ಬೇಗನೆ ಹೊರಟೆವು. ದಕ್ಷಿಣಕ್ಕೆ ಹೋದಂತೆ ನೆಲ ಸಮತಟ್ಟಾಯಿತು, ಎರಡೂ ಕಡೆ ಹುಚ್ಚು ಹಳದಿಯ ಹೊಲಗಳು. ಸಾಸಿವೆಯೇ ಇರಬೇಕೆಂದು ವಿಮಲೆ ತೀರ್ಪು ಕೊಟ್ಟಳು. ಎದುರಿಗೆ ಕೂತಿದ್ದ ಹೆಂಗಸು ಅದರ ಸೋದರಸಂಬಂಧಿ, ಎಣ್ಣೆ ತೆಗೆಯುವ ಬೆಳೆ ಎಂದು ವಿನಯದಿಂದ ತಿದ್ದಿದಳು. ಲುಂಡ್ ನಿಲ್ದಾಣದ ಹೊರಗೆ ನಿಲ್ಲಿಸಿದ್ದ ಸೈಕಲ್ಲುಗಳನ್ನು ಕಂಡು, ಈ ಊರಿನಲ್ಲಿ ಮನುಷ್ಯರಿಗಿಂತ ಸೈಕಲ್ಲುಗಳಿಗೇ ಹೆಚ್ಚು ಜಾಗ ಕೊಟ್ಟಿರಬೇಕೆಂದುಕೊಂಡೆ. ಅನುಪಮಾ ಅಲ್ಲೇ ಕಾಯುತ್ತಿದ್ದಳು. ರೇಷ್ಮೆ ಸೀರೆ, ಮೇಲೆ ಚಳಿಯ ಜಾಕೆಟ್ಟು, ಮುಖದಲ್ಲಿ ಮೂರು ದಿನದ ನಿದ್ದೆಗೇಡು.

"ತಿಂದಿದೀಯೇನೇ?" ಎಂದಳು ತಾಯಿ.

"ಇಲ್ಲಮ್ಮ, ಮುಗಿದ ಮೇಲೆ ತಿಂತೀನಿ. ಅಪ್ಪಾ, ಮೊಬೈಲ್ ಆಫ್ ಮಾಡಿ. ಅಮ್ಮ, ಯಾರಿಗೂ ಮಿಠಾಯಿ ಕೊಡೋಕೆ ಹೋಗ್ಬೇಡ. ಲಂಚ ಅನ್ಕೋತಾರೆ."

ಹೀಗೆ ಅನೇಕ ಸೂಚನೆ ಕೊಟ್ಟಳು. ಅತಿ ಮುಖ್ಯವಾದ ಒಂದನ್ನು ಕೊಡಲು ಮರೆತಳು.

ಸಭಾಂಗಣದ ಹೊರಗಿನ ಹಲಗೆಯ ಮೇಲೆ ಅವಳ ಪ್ರಬಂಧವನ್ನು ಮೊಳೆ ಹೊಡೆದು ನೇತುಹಾಕಿದ್ದರು. ಸಮರ್ಥನೆಗೆ ಕೆಲವು ವಾರ ಮೊದಲು ಹೀಗೆ ಎಲ್ಲರೂ ನೋಡುವಂತೆ ಹೊಡೆಯುವುದು ಇಲ್ಲಿನ ಪದ್ಧತಿಯಂತೆ. ಇಡೀ ಪುಸ್ತಕವನ್ನು ತೂರಿಕೊಂಡು ಹೋದ ಮೊಳೆ ಕಂಡು ವಿಮಲೆ ಕಣ್ಣು ಮುಚ್ಚಿಕೊಂಡಳು.

ಎದುರಾಳಿಗಳು ಆರಡಿಯ ಆಳು, ಬಿಳಿ ಗಡ್ಡ, ಮೆದು ಮಾತು. ಪ್ರಾಧ್ಯಾಪಕರಾಗುವ ಮೊದಲು ತಾವೂ ಪ್ರಾಸಿಕ್ಯೂಟರ್ ಆಗಿದ್ದುದನ್ನು ಮೊದಲೇ ಹೇಳಿಕೊಂಡರು. ಎರಡು ಗಂಟೆಯ ಕಾಲ ಒಂದೊಂದೇ ಪುಟ ತೆಗೆದು ಕೇಳಿದರು.

"ಒಂದೇ ಅಪರಾಧಕ್ಕೆ ಬೇರೆ ಬೇರೆ ಜನಕ್ಕೆ ಬೇರೆ ಬೇರೆ ಶಿಕ್ಷೆ ಆಗುತ್ತದೆ, ಅದು ನ್ಯಾಯವಲ್ಲ ಅಂತ ತೋರಿಸಿದ್ದೀರಿ. ಆ ಕುರ್ಚಿಯಲ್ಲಿ ಕೂತವನು ನಾನು, ಒಪ್ಪುತ್ತೇನೆ. ಆದರೆ ಪ್ರಯೋಜನವಿಲ್ಲ ಅಂತಲೂ ಬರೆದಿದ್ದೀರಿ. ಒಳಗಿರುವವನು ಹೊರಗೆ ಕಳ್ಳತನ ಮಾಡುವುದಿಲ್ಲವಲ್ಲ? ಅದು ಪ್ರಯೋಜನವಲ್ಲವೇ?"

"ಹೌದು, ಮೊದಲ ಕೆಲವು ವರ್ಷ," ಎಂದಳು ಅನುಪಮಾ. "ಆದರೆ ವಯಸ್ಸಾದಂತೆ ಮನುಷ್ಯ ತಾನಾಗೇ ಅಪರಾಧ ಬಿಡುತ್ತಾನೆ. ಎಪ್ಪತ್ತು ವರ್ಷದ ಮುದುಕನನ್ನು ಒಳಗಿಟ್ಟು ಯಾವ ಕಳ್ಳತನ ತಪ್ಪಿಸುತ್ತಿದ್ದೇವೆ?"

"ಎಲ್ಲಿ ಬಿಡಬೇಕು ಅನ್ನುವ ಗೆರೆ ನಿಮಗೆ ಗೊತ್ತೇ?"

ಅವಳು ಗ್ರಾಫ್ ತೋರಿಸಿದಳು. ಅವರು ಅದರಲ್ಲೊಂದು ತೂತು ತೋರಿಸಿದರು. ಅವಳು ಅದನ್ನು ಮುಚ್ಚಿದಳು. ಅವರು ಇನ್ನೊಂದು ತೋರಿಸಿದರು. ಕೊನೆಗೆ ಅವರು ಧನ್ಯವಾದ ಹೇಳಿ ಕೂತರು, ಸಭೆಯ ಅಧ್ಯಕ್ಷೆ ಎದ್ದು ಕೇಳಿದರು: "ಸಭಿಕರಲ್ಲಿ ಯಾರಿಗಾದರೂ ಪ್ರಶ್ನೆಯಿದೆಯೇ?"

ಯಾರೂ ಉಸಿರೆತ್ತಲಿಲ್ಲ.

ನಮ್ಮ ಕಡೆ ಭಾಷಣ ಮುಗಿದ ಮೇಲೆ ಒಂದು ಪ್ರಶ್ನೆಯೂ ಬರದಿದ್ದರೆ ಭಾಷಣಕಾರರಿಗೆ ಅವಮಾನ. ಮನೆಯವರಲ್ಲಿ ಯಾರಾದರೂ ಎದ್ದು ಒಂದು ಕೇಳಿ ಮರ್ಯಾದೆ ಉಳಿಸಬೇಕು. ಈ ದೇಶದಲ್ಲಿ ಆ ಕರೆ ಬರೀ ಶಾಸ್ತ್ರಕ್ಕೆಂದು, ಮೌನವೇ ಶುಭವೆಂದು ನನಗೆ ಯಾರೂ ಹೇಳಿರಲಿಲ್ಲ. ನಾನು ಎದ್ದು ನಿಂತೆ. ವಿಮಲೆ ಕೋಟಿನ ತುದಿ ಹಿಡಿದು ಜಗ್ಗಿದಳು. "ಕೂತ್ಕೊಳ್ರೀ! ಕೂತ್ಕೊಳ್ರೀ ಅಂದೆ!"

"ಮೇಡಂ," ಎಂದೆ ನನ್ನ ಮಗಳಿಗೆ, ಇಲಾಖೆಯ ಇಂಗ್ಲಿಷಿನಲ್ಲಿ. "ನಮ್ಮಲ್ಲಿ ಒಳ್ಳೆಯ ನಡತೆಗೆ ಕೈದಿಯ ಶಿಕ್ಷೆಯಲ್ಲಿ ದಿನಗಳನ್ನು ಕಡಿಮೆ ಮಾಡುತ್ತಿದ್ದೆವು. ಅದಕ್ಕೆ ರೆಮಿಷನ್ ಅಂತ ಹೆಸರು. ಜೈಲು ನಡೆಯುತ್ತಿದ್ದುದೇ ಅದರಿಂದ, ಬೀಗದಿಂದಲ್ಲ. ಸಾಯುವ ತನಕ ಹೊರಗೆ ಬಿಡುವುದಿಲ್ಲ ಅಂತ ಅಲ್ಲಿನ ಕೋರ್ಟು ಬರೆದುಕೊಟ್ಟ ಕೈದಿಯನ್ನು ಬೆಳಿಗ್ಗೆ ಏನು ಹೇಳಿ ಎಬ್ಬಿಸುವುದು?"

ಅನುಪಮಾ ನನ್ನನ್ನೇ ನೋಡಿದಳು.

"ನನಗೆ ಗೊತ್ತಿಲ್ಲ," ಎಂದಳು. "ನಾನು ಶಿಕ್ಷೆಗಳನ್ನು ಎಣಿಸಿದ್ದೇನೆ. ಅದನ್ನು ಅನುಭವಿಸುವವರ ಜೊತೆ ಕೂತಿಲ್ಲ. ಇದಕ್ಕೆ ಈ ಪುಸ್ತಕದಲ್ಲಿ ಉತ್ತರವಿಲ್ಲ."

ಗೊತ್ತಿಲ್ಲ! ಪರೀಕ್ಷೆಯಲ್ಲಿ ಆ ಮಾತು ಹೇಳಿ ಪಾಸಾದವರನ್ನು ನಾನು ಕಂಡಿಲ್ಲ. ಕೂತೆ. ಕುರ್ಚಿ ಇನ್ನೂ ಕೆಳಗಿದ್ದಿದ್ದರೆ ಚೆನ್ನಾಗಿತ್ತು ಎನಿಸಿತು.

ಮುಂದಿನ ಸಾಲಿನಲ್ಲಿ ಕೂತಿದ್ದ ಮೂವರು ತೀರ್ಪುಗಾರರು ಅಧ್ಯಕ್ಷೆಯೊಂದಿಗೂ ಎದುರಾಳಿ ಪ್ರಾಧ್ಯಾಪಕರೊಂದಿಗೂ ಒಂದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ನಾವು ಹೊರಗೆ ನಿಂತೆವು. ಅರ್ಧ ಗಂಟೆ ಸಾಕು ಎಂದಿದ್ದ ಅನುಪಮಾ ನಲವತ್ತು ನಿಮಿಷವಾದಾಗ ಗೋಡೆಗೊರಗಿದಳು. ಐವತ್ತಾಯಿತು. ವಿಮಲೆ ನನ್ನೊಡನೆ ಮಾತು ಬಿಟ್ಟಳು. ತೀರ್ಪಿಗೆ ಕಾಯುವವರನ್ನು ಬದುಕಿಡೀ ನೋಡಿದ್ದೇನೆ. ಅವರೇಕೆ ಹಾಗೆ ಬಾಗಿಲನ್ನೇ ನೋಡುತ್ತಾರೆಂದು ಅಂದು ತಿಳಿಯಿತು.

"ಸಾರಿ ಕಣಮ್ಮಾ," ಎಂದೆ.

"ಇರಲಿ ಬಿಡಿ ಅಪ್ಪಾ. ಪ್ರಶ್ನೆ ಚೆನ್ನಾಗೇ ಇತ್ತು. ಅದೇ ಪ್ರಾಬ್ಲಂ."

ಬಾಗಿಲು ತೆರೆಯಿತು. ಅಧ್ಯಕ್ಷೆ ಒಂದೇ ವಾಕ್ಯ ಹೇಳಿದರು: ಪ್ರಬಂಧ ತೇರ್ಗಡೆಯಾಗಿದೆ. ಅನುಪಮಾ ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು, ಹೊಸ ರೇಷ್ಮೆ ಸೀರೆಯಲ್ಲಿ, ಮತ್ತು ತಾಯಿ ಅದಕ್ಕೆ ಬಯ್ಯಲಿಲ್ಲ. ತೀರ್ಮಾನ ಹತ್ತೇ ನಿಮಿಷದಲ್ಲಿ ಆಗಿತ್ತಂತೆ. ಒಳಗೆ ಫಿಕಾ ಎಂಬ ಇಲ್ಲಿನ ಕಾಫಿ-ತಿಂಡಿ ಇಟ್ಟಿದ್ದರು, ಉಳಿದ ಹೊತ್ತೆಲ್ಲ ಕಾಫಿಗೂ ದಾಲ್ಚಿನ್ನಿ ಬನ್ನಿಗೂ ಹೋಗಿತ್ತು. ಈ ದೇಶದ ನ್ಯಾಯವಿಧಾನದಲ್ಲಿ ನನಗೆ ಕಂಡ ಏಕೈಕ ಕ್ರೌರ್ಯ ಅದು.

ಎದುರಾಳಿಗಳು ನನ್ನ ಬಳಿಗೇ ಬಂದರು. "ಅವಳು ಗೊತ್ತಿಲ್ಲ ಅಂದಳಲ್ಲ, ಬೆಳಗಿನಿಂದ ನಾನು ಕಾಯುತ್ತಿದ್ದದ್ದು ಆ ಮಾತಿಗೆ. ಎಲ್ಲಿ ತನ್ನ ಪುಸ್ತಕ ಮುಗಿಯುತ್ತದೆ ಅಂತ ಅವಳಿಗೆ ಗೊತ್ತು. ಅಂದಹಾಗೆ, ನಿಮ್ಮ ಉತ್ತರ ಏನು?"

ನಾನು ನಾಗಪ್ಪನ ವಿಷಯ ಹೇಳಿದೆ. ಹೊಲದ ಬದುವಿನ ಜಗಳದಲ್ಲಿ ಅಣ್ಣನನ್ನು ಕೊಂದು ಜೀವಾವಧಿಗೆ ಬಂದವನು. ಜೈಲಿನ ಹೊಲಿಗೆ ವಿಭಾಗದಲ್ಲಿ ವಾರ್ಡರ್‌ಗಳ ಅಂಗಿ ಹೊಲಿಯುತ್ತಿದ್ದ. ಪ್ರತಿ ಸೋಮವಾರದ ಪರೇಡಿನಲ್ಲಿ "ಸಾಹೇಬ್ರೆ, ನಂದು ಯಾವಾಗ?" ಎನ್ನುತ್ತಿದ್ದ. ಅವಧಿಗೆ ಮುಂಚಿನ ಬಿಡುಗಡೆಗೆ ಬರೆದೆವು, ಸರ್ಕಾರ ತಿರಸ್ಕರಿಸಿತು. ಮುಂದಿನ ಸೋಮವಾರ ಅವನು ಏನೂ ಕೇಳಲಿಲ್ಲ. ಆ ವಾರ ಹೊಲಿದ ಅಂಗಿಗಳಿಗೆಲ್ಲ ಜೇಬಿನ ಬಾಯಿ ಹೊಲಿದುಬಿಟ್ಟಿದ್ದ. ನಲವತ್ತು ವಾರ್ಡರ್‌ಗಳಿಗೆ ಸೀಟಿ ಇಡಲು ಜಾಗವಿಲ್ಲ. ಕರೆಸಿ ಗದರಿದೆ. "ನಂದೂ ಮುಚ್ಚೈತಲ್ರೀ ಸಾಹೇಬ್ರೆ," ಅಂದ. ಜೇಬು ಹೊಲಿಯುವುದು ಅಪರಾಧವೆಂದು ನಿಯಮಾವಳಿಯಲ್ಲಿ ಎಲ್ಲೂ ಇರಲಿಲ್ಲ. ಹಾಗಾಗಿ ಶಿಕ್ಷೆ ಕೊಡಲಿಲ್ಲ, ಮತ್ತೊಮ್ಮೆ ಸರ್ಕಾರಕ್ಕೆ ಬರೆದೆ. ಎರಡು ವರ್ಷದ ಮೇಲೆ ಪಟ್ಟಿಯಲ್ಲಿ ಅವನ ಹೆಸರು ಬಂತು.

"ಈಗೆಲ್ಲಿದ್ದಾನೆ?"

"ಬಸ್‌ಸ್ಟ್ಯಾಂಡ್ ಹತ್ತಿರ ಅಂಗಡಿ ಇಟ್ಟಿದ್ದಾನೆ. ನನ್ನ ನಿವೃತ್ತಿಗೆ ಈ ಕೋಟು ಹೊಲಿದುಕೊಟ್ಟ. ಎಡತೋಳು ಗಿಡ್ಡ, ನೋಡಿ. ಸುಧಾರಣೆ ಪೂರ್ತಿ ಆಗಿತ್ತೆಂದು ನಾನು ಹೇಳಲಾರೆ. ಜೇಬು ಮಾತ್ರ ಚೆನ್ನಾಗಿವೆ."

"ನೋಡಬಹುದೇ?" ಎಂದು ಆ ದೊಡ್ಡ ಮನುಷ್ಯ ನನ್ನ ಬಲಜೇಬಿಗೆ ಮೆಲ್ಲಗೆ ಕೈ ಹಾಕಿದರು. ಹೊರಗೆ ಬಂದದ್ದು ಕಾಗದದಲ್ಲಿ ಸುತ್ತಿದ ಒಂದು ಕೊಬ್ಬರಿ ಮಿಠಾಯಿ.

ವಿಮಲೆ ಡಬ್ಬ ತೆಗೆದು ಸಾಲು ಎಣಿಸಿದಳು. "ಮೂರು ಕಮ್ಮಿ ಇದೆ! ಯಾವಾಗ ಕದ್ರಿ?" ಅನುಪಮಾ ಅದನ್ನು ಇಂಗ್ಲಿಷಿಗೆ ತಿರುಗಿಸಿದಳು.

"ವಿಚಾರಣೆ ಬೇಕೆಂದರೆ ಮೂರಕ್ಕೂ ಶಿಕ್ಷೆಯಾಗುತ್ತದೆ," ಎಂದರು ಮಾಜಿ ಪ್ರಾಸಿಕ್ಯೂಟರ್, ಗಡ್ಡದೊಳಗೆ ನಗುತ್ತ. "ಈಗಲೇ ಒಪ್ಪಿಕೊಂಡರೆ ಒಂದಕ್ಕೆ ಇಳಿಸಲು ಮಾತಾಡುತ್ತೇನೆ."

ವಾರ್ಬರ್ಗ್‌ನ ಕೋಣೆಯಲ್ಲಿ, ವಿಮಲೆ ಸ್ನಾನಕ್ಕೆ ಹೋಗಿದ್ದಾಗ, ಎಂದು ನಾನು ತಕ್ಷಣ ಒಪ್ಪಿಕೊಂಡೆ. ಮಗಳ ಪ್ರಬಂಧದ ನಾಲ್ಕನೆಯ ಅಧ್ಯಾಯ, ಹೆದರಿ ತಪ್ಪೊಪ್ಪಿಕೊಳ್ಳುವವರದ್ದು, ಆಗ ನನಗೆ ಪೂರ್ತಿ ಅರ್ಥವಾಯಿತು. ಆದರೂ ವಿಮಲೆ ರಾಜಿಗೆ ಬರಲಿಲ್ಲ: ಬೆಂಗಳೂರಿನ ಮನೆ ಮುಟ್ಟುವ ತನಕ ಸಿಹಿ ಇಲ್ಲ, ಮೇಲ್ಮನವಿಯಿಲ್ಲ.

ಶನಿವಾರ ಮಧ್ಯಾಹ್ನ ಹಿಂದಿರುಗುವ ರೈಲು ಹತ್ತಿದೆವು. ಅನುಪಮಾ ಪ್ಲಾಟ್‌ಫಾರ್ಮಿನಲ್ಲಿ ನಿಂತು ಆಕಳಿಸುತ್ತಲೇ ಕೈಬೀಸಿದಳು. ರಾತ್ರಿ ಚೆನ್ನಾಗಿ ನಿದ್ದೆ ಮಾಡಿದ ಮುಖ. ಮುಂದೆ ಅಮೆರಿಕಕ್ಕೆ ಹೋಗಿ ಅಲ್ಲಿನ ಮುದಿ ಕೈದಿಗಳ ಜೊತೆ ಕೂತು ಮಾತಾಡಬೇಕೆಂದಿದ್ದಳು. ಆ ಎದುರಾಳಿಗಳೇ ಬರಹೇಳಿದ್ದರಂತೆ. ಹಳದಿ ಹೊಲಗಳು ಹಿಂದಕ್ಕೆ ಹೋದವು. ನಾನು ಏನೂ ಕೇಳದೆ, ಕಾಫಿಗೂ ಸಕ್ಕರೆ ಬೇಡವೆಂದು, ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದೆ. ವಾರ್ಬರ್ಗ್‌ನಲ್ಲಿ ರೈಲು ನಿಂತಾಗ, ವಿಮಲೆ ಡಬ್ಬದ ಮುಚ್ಚಳ ತೆಗೆದು, ನನ್ನ ಕಡೆ ನೋಡದೆ, ಅರ್ಧ ತುಂಡು ಮುರಿದು ನನ್ನ ಜೇಬಿಗೆ ಹಾಕಿದಳು.

"ಎರಡು ಗಂಟೆ ತೆಪ್ಪಗಿದ್ರಿ," ಎಂದಳು. "ಅದಕ್ಕೆ."