ಯಾರ ಮಗ ಅಂತ ಕೂಗ್ಲಿ?

ತೆಂಗಿನ ಮರದ ತುದಿಯಲ್ಲಿ ಕೂತು ಗೊನೆಗೆ ಕತ್ತಿ ಇಡುವ ಮೊದಲು, ಆ ಮರ ಯಾರ ಮಗ ಎಂದು ಕೆಂಚಣ್ಣ ಕೂಗಿ ಹೇಳುತ್ತಿದ್ದ.

“ಕುಂತಿ ಮಗ ಭೀಮ ಬತ್ತಾವ್ನೆ, ಸರ್ಕಳ್ರಪ್ಪೋ!”

ಕೆಳಗೆ ಕಾಯಿ ಆಯುತ್ತಿದ್ದವರು ದೂರ ಓಡುತ್ತಿದ್ದರು. ಗೊನೆ ಬೀಳುತ್ತಿದ್ದುದು ಆಮೇಲೆ. ಹೊನ್ನವಳ್ಳಿಯ ನಮ್ಮ ತೋಟದಲ್ಲಿ ಮೂವತ್ತು ವರ್ಷ ಕಾಯಿ ಕಿತ್ತವನು, ಯಾರ ಮೈಮೇಲೂ ಒಂದು ಕಾಯಿ ಬೀಳಿಸಿದವನಲ್ಲ.

ಮರಗಳಿಗೆ ಹೆಸರಿಟ್ಟವನೂ ಅವನೇ. ತೋಟದ ದಾರಿಯ ಬಾಯಲ್ಲಿದ್ದ ಹಳೆಯ ಮರ ಕುಂತಿ. ಅದರ ಕಾಯಿಗಳನ್ನೇ ಬಿತ್ತನೆಗೆ ಆರಿಸಿ ಅವನು ಎಬ್ಬಿಸಿದ ಸಸಿಗಳು ಧರ್ಮರಾಯ, ಭೀಮ, ಅರ್ಜುನ. ಅರ್ಜುನನ ಕಾಯಿಯಿಂದ ಬಂದವನು ಅಭಿಮನ್ಯು. ತಿಪ್ಪೆಯ ಪಕ್ಕದ ಗಾಂಧಾರಿ ಮೈತುಂಬ ಕಾಯಿ ಬಿಡುತ್ತಿದ್ದಳು, ಎಲ್ಲವೂ ಸಣ್ಣವು. “ನೂರು ಹೆತ್ತವ್ಳೆ, ಕೊಬ್ರಿಗೆ ಒಂದೂ ಆಗಕಿಲ್ಲ,” ಎಂದು ಕೆಂಚಣ್ಣ ನಗುತ್ತಿದ್ದ.

ಒಂದು ಮಳೆಗಾಲದಲ್ಲಿ ಕುಂತಿಯ ಕಾಯೊಂದು ಕಾಲುವೆ ನೀರಲ್ಲಿ ತೇಲಿಹೋಗಿ ಪಕ್ಕದ ಶಿವಣ್ಣನವರ ತೋಟದಲ್ಲಿ ಮೊಳೆತುಬಿಟ್ಟಿತು. ಅದು ಕರ್ಣನಲ್ಲದೆ ಇನ್ನೇನು? ಅಲ್ಲಿಯೂ ಕಾಯಿ ಕೀಳುತ್ತಿದ್ದವನು ಕೆಂಚಣ್ಣನೇ. ಆ ಮರ ಹತ್ತಿದಾಗ ಮಾತ್ರ ಸಾಕುತಾಯಿಯ ಹೆಸರು ಹಿಡಿದು “ರಾಧೆ ಮಗ ಕರ್ಣ” ಎನ್ನುತ್ತಿದ್ದ. ಏಕೆಂದು ಕೇಳಿದೆ.

“ಸಾಕ್ದೋರ ಹೆಸ್ರು ಕೂಗ್ಬೇಕು ಕಣವ್ವ. ಹೆತ್ತೋಳು ಬದುಕಿರೋಗಂಟ ಆ ಗುಟ್ಟು ನಾವು ಬುಟ್ಕೊಡಬಾರ್ದು.”

ವೀರರ ವಂಶವೆಲ್ಲ ನನಗೆ ಗೊತ್ತಾದದ್ದು ಹೀಗೆ, ಒಂದೊಂದು ಮರದ ಬುಡದಲ್ಲಿ. ಐದನೇ ತರಗತಿಯಲ್ಲಿ ಮೇಷ್ಟ್ರು ಅಭಿಮನ್ಯು ಸತ್ತದ್ದು ಎಲ್ಲಿ ಎಂದು ಕೇಳಿದಾಗ, “ಸತ್ತಿಲ್ಲ ಸಾರ್, ಪಂಪ್‌ಸೆಟ್ ಮನೆ ಹಿಂದೆ ಇದ್ದಾನೆ,” ಎಂದುಬಿಟ್ಟಿದ್ದೆ. ಇಡೀ ತರಗತಿ ನಕ್ಕಿತು. ಸಂಜೆ ಕೆಂಚಣ್ಣನಿಗೆ ಹೇಳಿಕೊಂಡು ಅತ್ತೆ. ಅವನು ನಗಲಿಲ್ಲ. “ಸರ್ಯಾಗೇ ಹೇಳಿದ್ದೀ ಬುಡು,” ಎಂದ. ಬರೀ ‘ಸರಿಯಿರಿ’ ಎಂದರೆ ಸಾಲದೇ, ಯಾರ ಮಗ ಎಂದು ಯಾಕೆ ಕೂಗಬೇಕು ಎಂದು ಅವತ್ತೇ ಕೇಳಿದ್ದು.

“ಆಗಿನ ವೀರರು ತಾನ್ಯಾರು, ಯಾರ ಮಗ ಅಂತ ಹೇಳಿ ಆಮ್ಯಾಕೆ ಬಾಣ ಬುಡೋರು. ಹೇಳ್ದಂಗೆ ಬುಡೋನು ಕಳ್ಳ ಕಣವ್ವ.”

ಹೋದ ವರ್ಷ ಅಪ್ಪ ಕುಂತಿಯನ್ನು ಕಡಿಸಿದರು. ಲಾರಿ ತೋಟದ ಮನೆಯವರೆಗೆ ಬರಲು ಅದು ಅಡ್ಡವಾಗಿತ್ತು. “ನೀನಿರೋವರ್ಗೂ ಆ ಮರ ಮುಟ್ಟಲ್ಲ ಕಣಯ್ಯ,” ಎಂದು ಕೆಂಚಣ್ಣನಿಗೆ ಮಾತು ಕೊಟ್ಟಿದ್ದವರೂ ಅಪ್ಪನೇ. ಅವನು ಹಾಲ್ಕುರಿಕೆಯ ಮಗಳ ಮನೆಗೆ ಹೋಗಿದ್ದ ಎರಡು ದಿನದಲ್ಲಿ ಕೆಲಸ ಮುಗಿಯಿತು. ತಿಪಟೂರಿನ ಕಾಲೇಜಿನಲ್ಲಿ ಪಾಠ ಹೇಳುವ ನಾನು ಅವತ್ತು ರಜೆಯಲ್ಲಿ ಮನೆಯಲ್ಲೇ ಇದ್ದೆ. ಮರ ಕಡಿಯುವವರಿಗೆ ಕಾಫಿ ಮಾಡಿ ಕೊಟ್ಟೆ.

ವಾಪಸು ಬಂದ ಕೆಂಚಣ್ಣ ಕಡಿದ ಬುಡದ ಹತ್ತಿರ ಸ್ವಲ್ಪ ಹೊತ್ತು ನಿಂತ.

ಮುಂದೆ ಕಾಯಿ ಕೀಳುವ ದಿನ ಎಂದಿನಂತೆಯೇ ಬಂದ. ಅರ್ಜುನನನ್ನು ಹತ್ತಿದ. ನಾನೂ ಅಪ್ಪನೂ ಆ ಮರದ ಕೆಳಗೇ ಮಾತಾಡುತ್ತ ನಿಂತಿದ್ದೆವು. ಮೇಲೆ ನೋಡುವ ಅಭ್ಯಾಸವೇ ನಮಗಿರಲಿಲ್ಲ, ಕೂಗು ಬರುತ್ತದಲ್ಲ. ಅವತ್ತು ಬರಲಿಲ್ಲ. ಕತ್ತಿಯ ಸದ್ದು ಕೇಳಿತು. ಮುಖಕ್ಕೆ ಗಾಳಿ ಹೊಡೆಯಿತು. ನಮ್ಮಿಬ್ಬರ ನಡುವಿನ ಒಂದು ಮೊಳ ಜಾಗದಲ್ಲಿ ಗೊನೆ ಬಿದ್ದು ಕಾಯಿಗಳು ಸಿಡಿದವು. ಅಪ್ಪನ ಎಡಗಾಲಿನ ಚಪ್ಪಲಿ ಗೊನೆಯಡಿ ಸಿಕ್ಕಿಕೊಂಡಿತ್ತು, ಕಾಲು ಹೇಗೆ ಹೊರಗೆ ಬಂತೋ ಅವರಿಗೂ ಗೊತ್ತಿಲ್ಲ. ತಲೆ ಎತ್ತಿದೆ. ಕೆಂಚಣ್ಣ ನಮ್ಮನ್ನೇ ನೋಡುತ್ತಿದ್ದ.

ಅವನು ಇಳಿದು ಬರುತ್ತಲೇ ಅಪ್ಪ ರೇಗಿದರು. “ಕೂಗಕ್ಕೇನಾಗಿತ್ತೋ ನಿಂಗೆ? ಸಾಯಿಸ್ತಿದ್ಯಲ್ಲೋ!”

“ಏನಂತ ಕೂಗ್ಲಿ ಯಜಮಾನ್ರೇ? ಯಾರ ಮಗ ಅಂತ ಕೂಗ್ಲಿ?”

“ಕೆಳಗೆ ನಾನೂ ಇದ್ದೆ, ಕೆಂಚಣ್ಣ,” ಎಂದೆ.

ಅವನು ಕತ್ತಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ. “ಕಂಡಿದ್ದೆ ಕಣವ್ವ. ನಿನ್ತಾವ ನನ್ ಫೋನ್ ನಂಬರ್ ಇತ್ತಲ್ವಾ?”

ಅಷ್ಟೇ. ಕಾಲಿನ ಹಗ್ಗ ಬಿಚ್ಚಿಕೊಂಡು ಹೋದವನು ಮತ್ತೆ ನಮ್ಮ ತೋಟಕ್ಕೆ ಕಾಲಿಡಲಿಲ್ಲ.

ಪಾಠದ ನಡುವೆ ಈಗಲೂ ಆ ಕತ್ತಿಯ ಸದ್ದು ಕೇಳಿಸುತ್ತದೆ, ಹಲಗೆಯ ಮೇಲೆ ಬರೆಯುತ್ತಿದ್ದ ಕೈ ನಿಲ್ಲುತ್ತದೆ. ಆ ಒಂದು ಮೊಳ ಅವನು ಹಿಡಿದ ಗುರಿಯೋ, ತಪ್ಪಿದ ಗುರಿಯೋ? ಬರೀ ಹೆದರಿಸಲು ಎಂದುಕೊಂಡರೆ ಕೋಪ ಬರುತ್ತದೆ. ಅಲ್ಲ ಎಂದುಕೊಂಡರೆ ಭಯವಾಗುತ್ತದೆ. ಹೇಳದೆ ಬಿಡುವವನು ಕಳ್ಳ ಎಂದು ನನಗೆ ಕಲಿಸಿದವನು ನನ್ನ ತಲೆಯ ಮೇಲೆಯೇ ಹೇಳದೆ ಬಿಟ್ಟ. ಅವನ ಕುಂತಿ ಉರುಳುವಾಗ ನಾನೂ ಅವನಿಗೆ ಹೇಳಿರಲಿಲ್ಲ, ಅದೂ ನಿಜ.

ಕಳೆದ ತಿಂಗಳು ಶಿವಣ್ಣನವರ ತೋಟದಲ್ಲಿ ಕಾಯಿ ಕೀಳುತ್ತಿದ್ದರು. ನಾನೂ ಅಪ್ಪನೂ ಬೇಲಿಯ ಈಚೆ ನಿಂತಿದ್ದೆವು. ಗರಿಗಳ ಮರೆಯಲ್ಲಿ ಕೆಂಚಣ್ಣ ಕಾಣಲಿಲ್ಲ. ಧ್ವನಿ ಮಾತ್ರ, ಎಷ್ಟೋ ತಿಂಗಳ ಮೇಲೆ, ಎರಡು ತೋಟಕ್ಕೂ ಕೇಳುವಂತೆ ಬಂತು.

“ಕುಂತಿ ಮಗ ಕರ್ಣ ಬತ್ತಾವ್ನೆ, ಸರ್ಕಳ್ರಪ್ಪೋ!”

ರಾಧೆಯ ಹೆಸರು ಎತ್ತಲಿಲ್ಲ. ಗೊನೆ ಬಿದ್ದದ್ದು ಬೇಲಿಯಾಚೆ, ನಮ್ಮಿಂದ ಎಷ್ಟೋ ದೂರ. ಆದರೂ ಅಪ್ಪ ಎರಡು ಹೆಜ್ಜೆ ಹಿಂದೆ ಸರಿದರು. ನಾನೂ ಸರಿದೆ.