ಅಕ್ಕನ ಕಾಲಿಗೆ ಎಟುಕದ ಕ್ಲಚ್ಚು

ಬಾವಿಗೂ ಟ್ರಾಕ್ಟರಿನ ಮುಂದಿನ ಚಕ್ರಕ್ಕೂ ನಡುವೆ ಉಳಿದದ್ದು ಎರಡೇ ಹೆಜ್ಜೆ. ಆಮೇಲೆ ನಾನೇ ಅಳೆದು ನೋಡಿದೆ. ಸೀಟಿನ ಮೇಲಿದ್ದವಳು ನನ್ನ ಸ್ವಂತ ಅಕ್ಕ.

ಕಳೆದ ಭಾನುವಾರದ ಮಾತಿದು. ಸೂಳಗಿರಿ ಹತ್ತಿರ ಅಕ್ಕನಿಗೆ ಎರಡೂವರೆ ಎಕರೆ ಜಮೀನಿದೆ. ಟೊಮ್ಯಾಟೊ, ಕೋಸು, ಕೊತ್ತಂಬರಿ ಬೆಳೆಯುತ್ತಾಳೆ. ಭಾವನಿಗೆ ಹೊಸೂರಿನ ಫ್ಯಾಕ್ಟರಿಯಲ್ಲಿ ಶಿಫ್ಟ್ ಕೆಲಸ, ಹಾಗಾಗಿ ಜಮೀನಿನ ಕೆಲಸವೆಲ್ಲ ಅಕ್ಕನದೇ. ಮಳೆ ಬಿದ್ದು ನೆಲ ಹದಕ್ಕೆ ಬಂದರೆ ಎರಡು ದಿನದಲ್ಲಿ ಉಳಬೇಕು. ಬಾಡಿಗೆ ಟ್ರಾಕ್ಟರಿನವನು ದೊಡ್ಡ ದೊಡ್ಡ ಹೊಲಗಳನ್ನೆಲ್ಲ ಮುಗಿಸಿ ಇವಳ ಹೊಲಕ್ಕೆ ಬರುವಷ್ಟರಲ್ಲಿ ಮಣ್ಣು ಒಣಗಿ ಹೆಂಟೆ ಕಟ್ಟಿರುತ್ತದೆ. ಎಷ್ಟು ವರ್ಷ ಹೀಗೆ ಕಾಯುವುದು? ಸ್ವಂತದ್ದೇ ತರೋಣ, ನಾನೇ ಓಡಿಸುತ್ತೇನೆ ಎಂದು ಅಕ್ಕ ಹಟ ಹಿಡಿದಳು.

ಸರಿ, ಭಾವ, ಭಾವನ ಸ್ನೇಹಿತರೊಬ್ಬರು ಮತ್ತು ನಾನು ಶೋರೂಮಿಗೆ ಹೋದೆವು. (ಅಕ್ಕನನ್ನು ಕರೆದಿರಲಿಲ್ಲ. ಅವಳಿಗೆ ಕಳೆ ಕೀಳುವ ಕೆಲಸವಿತ್ತು.) ಈಗೀಗ ನಮ್ಮ ಕಡೆಗೂ ಚಿಕ್ಕ ಟ್ರಾಕ್ಟರುಗಳು ಬರುತ್ತಿವೆ. ಅಲ್ಲಿದ್ದ ಒಂದನ್ನು ನೋಡಿ ಸ್ನೇಹಿತರು ಮಕ್ಕಳ ಆಟದ ಸಾಮಾನಿನ ಹಾಗಿದೆ ಎಂದು ನಕ್ಕರು. ನಾನೂ ಎಚ್‌ಪಿ, ಟ್ರೇಲರ್ ಅಂತ ಏನೇನೋ ಮಾತಾಡಿ, ದೊಡ್ಡದೇ ಇರಲಿ ಎಂದೆ. ಎಚ್‌ಪಿ ಅಂದರೇನು ಅಂತ ಮಾತ್ರ ನನ್ನನ್ನು ಕೇಳಬೇಡಿ.

ಚಿಕ್ಕದು, ದೊಡ್ಡದು ಎರಡನ್ನೂ ಹೊಲದಲ್ಲೇ ಓಡಿಸಿ ತೋರಿಸುತ್ತೇವೆ ಎಂದರು ಶೋರೂಮಿನವರು. ಭಾನುವಾರ ಬೆಳಗ್ಗೆ ಅವರ ಡ್ರೈವರ್ ಅಕ್ಕನಿಗೆ ಚಿಕ್ಕದನ್ನು ಕಲಿಸಿದ. ಒಂದು ಗಂಟೆಯಲ್ಲಿ ಅವಳೇ ಸಾಲು ಹೊಡೆದಳು. ಇಳಿದು ಬಂದು, ನನಗೆ ಇದೇ ಸಾಕು ಎಂದಳು. ಅವಸರ ಮಾಡಬೇಡ, ದೊಡ್ಡದನ್ನೂ ನೋಡು ಎಂದೆವು ನಾವು.

ಹತ್ತಿದಳು. ಡ್ರೈವರೇ ಗೇರ್ ಹಾಕಿ ಹೊರಡಿಸಿ ಕೆಳಗಿಳಿದ. ಮೊದಲ ಸಾಲು ನೇರವಾಗಿಯೇ ಹೋಯಿತು. ಹೊಲದ ಆ ತುದಿಯಲ್ಲಿ ಕಟ್ಟೆಯಿಲ್ಲದ ಬಾವಿ. ಅಲ್ಲಿ ನಿಲ್ಲಿಸಿ ತಿರುಗಿಸಬೇಕು. ಟ್ರಾಕ್ಟರ್ ನಿಲ್ಲಲಿಲ್ಲ. ಅಕ್ಕನ ಪಾದ ಕ್ಲಚ್ಚಿಗೆ ತಾಗುತ್ತಿತ್ತು, ಆದರೆ ಪೂರ್ತಿ ಒತ್ತಲು ಆಗುತ್ತಿರಲಿಲ್ಲ. ಸೀಟು ಆಗಲೇ ಪೂರ್ತಿ ಮುಂದಕ್ಕೆ ಬಂದಿತ್ತು.

"ಕ್ಲಚ್ಚ ಮಿದಿಮ್ಮಾ, ಮಿದಿ" ಎಂದು ಕೂಗುತ್ತಾ ಡ್ರೈವರ್ ಪಕ್ಕದಲ್ಲೇ ಓಡಿದ. ತಮಿಳಿನಲ್ಲಿ ತುಳಿ ಎನ್ನುತ್ತಿದ್ದಾನೆ. ಏನನ್ನು ತುಳಿಯುವುದು, ಕಾಲು ಎಟುಕಬೇಡವೇ?

ಅಕ್ಕ ಸ್ಟೀರಿಂಗ್ ಹಿಡಿದು ಸೀಟಿನಿಂದ ಎದ್ದಳು. ಒಂದು ಕಾಲು ಕ್ಲಚ್ಚಿನ ಮೇಲೆ, ಇನ್ನೊಂದು ಬ್ರೇಕಿನ ಮೇಲೆ. ಮೈಭಾರವನ್ನೆಲ್ಲ ಬಿಟ್ಟು ನಿಂತುಬಿಟ್ಟಳು. ಟ್ರಾಕ್ಟರ್ ನಿಂತಿತು. ಡ್ರೈವರ್ ಹತ್ತಿ ಎಂಜಿನ್ ಆಫ್ ಮಾಡಿದ.

ಟ್ರಾಕ್ಟರೂ ಬೇಡ ಏನೂ ಬೇಡ, ಮೊದಲಿನ ಹಾಗೆ ಬಾಡಿಗೆಯದೇ ಸಾಕು ಎಂದರು ಭಾವ. ಹೌದು, ಇದು ಹೆಂಗಸರ ಕೈಲಾಗುವ ಕೆಲಸವಲ್ಲ ಎಂದೆ ನಾನು. (ಮಹಿಳಾ ದಿನಕ್ಕೆ ಇದೇ ಅಂಕಣದಲ್ಲಿ ಉದ್ದುದ್ದ ಬರೆದ ಅದೇ ಮನುಷ್ಯ!)

ಅಕ್ಕ ನನ್ನನ್ನೇ ನೋಡಿದಳು.

"ಬೆಳಗ್ಗೆ ಕೈಲಾಯ್ತು, ಈಗ ಆಗಲ್ವೇನ್ಲಾ? ಮೂರು ಜನ ಹೋಗಿದ್ರಿ. ಅವಳ ಕಾಲು ಎಟುಕ್ತದಾ ಅಂತ ಒಬ್ರಾದ್ರೂ ಕೇಳಿದ್ರಾ?"

ಉತ್ತರಕ್ಕೂ ಕಾಯಲಿಲ್ಲ. ಚಿಕ್ಕದನ್ನು ಹತ್ತಿದಳು. ಮತ್ತೆ ಅದೇ ಬಾವಿಯ ಕಡೆಗೆ ಹೊರಟಳು. ಬೇಡ ಎನ್ನಲು ನನಗೆ ಧೈರ್ಯವಿರಲಿಲ್ಲ. ಭಾವ ಮಾತ್ರ ಓಡಿಹೋಗಿ ಬಾವಿಗೆ ಬೆನ್ನು ಹಾಕಿ ನಿಂತರು. ಅವರಿಂದ ಬಹಳ ದೂರದಲ್ಲೇ ಟ್ರಾಕ್ಟರ್ ನಿಂತಿತು, ತಿರುಗಿತು, ವಾಪಸ್ ಬಂತು. ಭಾವ ಅಲ್ಲಿಂದಲೇ ಡ್ರೈವರಿಗೆ ಚಿಕ್ಕದನ್ನೇ ಬುಕ್ ಮಾಡಲು ಹೇಳಿದರು.

ನಾಚಿಕೆಯಾಯಿತು. ಸಂಜೆ ಹೊಸೂರಿನ ಆಲಸನತ್ತಂನಲ್ಲಿರುವ ನಮ್ಮ ಮನೆಗೆ ಬಂದರೆ, ಹೆಂಡತಿ ಅಡುಗೆಮನೆಯಲ್ಲಿ ಸ್ಟೂಲ್ ಹತ್ತಿ ಬೇಳೆ ಡಬ್ಬ ಇಳಿಸುತ್ತಿದ್ದಳು. ಸ್ಟೂಲಿನ ಒಂದು ಕಾಲು ಅಲ್ಲಾಡುತ್ತದೆ. ಶೆಲ್ಫು ಎಷ್ಟು ಎತ್ತರದಲ್ಲಿರಬೇಕು ಎಂದು ಮೇಸ್ತ್ರಿಗೆ ಕೈಯೆತ್ತಿ ತೋರಿಸಿದವನು ನಾನೇ.

ನಿಮ್ಮ ಮನೆಯಲ್ಲಿ ಸ್ಟೂಲ್ ಹತ್ತುವವರು ಯಾರು?