ಇಳಿಸದ ಮಣ್ಣು

ನರಗುಂದದ ಹಳೇ ಪೇಟೆಗೆ ಯಾರೇ ಹೊಸಬರು ಬಂದರೂ ಶಿವನಪ್ಪ ಸಾಹುಕಾರರ ಕಾಳಿನ ಮಳಿಗೆಯನ್ನು ತೋರಿಸಲು ಹುಚ್ಚಪ್ಪನೇ ಮುಂದು. ಐದು ಕಲ್ಲಿನ ಕಮಾನು, ಹನ್ನೆರಡು ಸಾಗವಾನಿ ಕಂಬ, ಮೇಲೆ ತೊಲೆ, ಜಂತಿ, ಅದರ ಮೇಲೆ ಮಣ್ಣಿನ ಮಾಳಿಗೆ. ನೂರು ವರ್ಷ ದಾಟಿದ ಕಟ್ಟಡ ಒಂದು ಹನಿಯೂ ಸೋರಿಲ್ಲ ಎಂದು ಎದೆಯುಬ್ಬಿಸಿ ಹೇಳುತ್ತಿದ್ದ. ಸೋರದಂತೆ ನೋಡಿಕೊಂಡವನು ತಾನೇ ಅಲ್ಲವೇ?

ಮೂವತ್ತೊಂದು ವರ್ಷದಿಂದ ಮಳೆಗಾಲಕ್ಕೆ ಮುಂಚೆ ಮಾಳಿಗೆಗೆ ಕರಲು ಮಣ್ಣು ಹಾಕುವುದು ಅವನ ಕೆಲಸ. ನೀರನ್ನು ಒಳಗೆ ಇಳಿಯಗೊಡದ ಮಣ್ಣು ಅದು. ಹಳೆಯದನ್ನು ಕೆರೆದು ಕೆಳಗಿಳಿಸಿ, ಆಮೇಲೆ ಹೊಸದನ್ನು ಹರಡಬೇಕು. ಹುಚ್ಚಪ್ಪ ಮೈಗಳ್ಳನಲ್ಲ. ಆದರೆ ಹೊತ್ತು ಹಾಕಿದ ಮಣ್ಣನ್ನೇ ಮತ್ತೆ ಹೊತ್ತು ಇಳಿಸುವುದು ದಂಡದ ಕೆಲಸ ಎಂದು ಅವನ ಲೆಕ್ಕ. ವರ್ಷ ವರ್ಷವೂ ಮೇಲೊಂದು ಪದರು ಎಳೆದುಬಿಡುತ್ತಿದ್ದ. ಸೋರಲಿಲ್ಲ, ಯಾರೂ ಕೇಳಲಿಲ್ಲ. ಮಾಳಿಗೆಯ ಸುತ್ತಲಿನ ತೊಡೆಮಟ್ಟದ ಗೋಡೆ ಈಗ ಗೇಣುದ್ದ ಮಾತ್ರ ಕಾಣುತ್ತಿತ್ತು.

ಈ ಶ್ರಾವಣದಲ್ಲಿ ನಾಲ್ಕು ದಿನ ಬಿಡದೆ ಮಳೆ ಹಿಡಿಯಿತು. ಮಳಿಗೆಯೊಳಗೆ ಅವನ ಹೆಂಡತಿ ಮಾನವ್ವ ಇನ್ನೂ ಆರು ಹೆಂಗಸರೊಂದಿಗೆ ಹೆಸರುಕಾಳು ಹಸನು ಮಾಡುತ್ತಿದ್ದಳು. ಹುಚ್ಚಪ್ಪ ಚೀಲ ಹೊಲಿಯುತ್ತಿದ್ದ. ರಾಶಿಯ ಮೇಲೆ ಸಣ್ಣಗೆ ಮಣ್ಣು ಉದುರಿತು. ಮಾನವ್ವ ಇಲಿಗಳನ್ನು ಬೈದಳು. ಹುಚ್ಚಪ್ಪ ತಲೆ ಎತ್ತಿ ನೋಡಿದ. ನಡುವಿನ ತೊಲೆ ಕೆಳಗೆ ಬಾಗಿ, ಮೊಳದುದ್ದ ಸೀಳಿತ್ತು. ದಬ್ಬಣ ಬಿಟ್ಟು ಎದ್ದ.

ಎಲ್ಲರೂ ಹೊರಗೆ ನಡೆಯಿರಿ ಎಂದ. ಹೆಂಗಸರು ನಕ್ಕರು. ಈ ಸಾಗವಾನಿ ನಮ್ಮ ಮೊಮ್ಮಕ್ಕಳ ಕಾಲಕ್ಕೂ ಜಗ್ಗುವುದಿಲ್ಲ ಎಂದು ಸಾಹುಕಾರರು ಗಾದಿಯ ಮೇಲಿಂದಲೇ ಗದರಿದರು. ಕಾರಣ ಹೇಳಿದರೆ ಏಳುತ್ತಿದ್ದರು. ಹೇಳಿದರೆ ಮೂವತ್ತೊಂದು ವರ್ಷದ ಹೆಸರು ಮಣ್ಣುಪಾಲು. ಮೇಲೆ ಏನೋ ಲಟಕ್ಕೆಂದಿತು. ಮಾನವ್ವನ ತಲೆಯ ಮೇಲೆ ಹಿಡಿ ಮಣ್ಣು ಬಿತ್ತು. ಅವಳು ಸೆರಗಿನಿಂದ ಕೊಡವಿಕೊಂಡು ಮತ್ತೆ ಮೊರ ಎತ್ತಿಕೊಂಡಳು.

“ಸಾವ್ಕಾರ್ರ, ಹಳೀ ಮಣ್ಣು ನಾ ಒಂದ ವರ್ಷಾನೂ ಇಳಿಸಿಲ್ರಿ,” ಎಂದ ಹುಚ್ಚಪ್ಪ. “ಎಲ್ಲಾ ಮ್ಯಾಲ ಐತಿ. ಈಗ ನೀರು ಕುಡದು ಭಾರ ಆಗೈತಿ.”

ಶಿವನಪ್ಪ ಚಪ್ಪಲಿ ಬಿಟ್ಟು ಓಡಿದರು. ಹೆಂಗಸರೂ ಮೊರ ಬಿಸಾಡಿ ಬೀದಿಗೆ ಬಂದರು. ಹುಚ್ಚಪ್ಪ ಮಳೆಯಲ್ಲಿ ನಿಂತು ಒಬ್ಬೊಬ್ಬರನ್ನೇ ಎಣಿಸಿದ. ಏಳೂ ಹೆಂಗಸರಿದ್ದರು. ಸಾಹುಕಾರರು ಬಾಯಿಗೆ ಬಂದಂತೆ ಬೈಯುತ್ತಿದ್ದರು. ಬೈಸಿಕೊಳ್ಳುವುದು ಇಷ್ಟು ಹಗುರವೆಂದು ಅವನಿಗೆ ಗೊತ್ತೇ ಇರಲಿಲ್ಲ.

ಆಗ ಮಾನವ್ವ ಅವನ ರಟ್ಟೆ ಹಿಡಿದಳು. ಅವಳ ಮುಖ ಬೂದಿಯಾಗಿತ್ತು.

“ನಮ್ಮನಿ ಮಾಳಿಗೀದು ಇಳಿಸೀರಿಲ್ಲೋ?”

ಅದರ ಕೆಳಗೆ ಬಾಣಂತಿ ಸೊಸೆ ಅನಿತಾ, ಹನ್ನೆರಡು ದಿನದ ಕೂಸಿನೊಂದಿಗೆ ಮಲಗಿದ್ದಳು. ಹುಚ್ಚಪ್ಪ ಮನೆಯ ಕಡೆ ಓಡತೊಡಗಿದ.